ನೂರಿಪ್ಪತ್ತಮೂರು ಮಿಲಿಮೀಟರಿನ ಗೂಡ್ಸ್ ಡಬ್ಬಿ

ರೈಲು ಮಾಡೆಲ್ ಮಾಡ್ತೀನಿ ಅಂದ ಕೂಡ್ಲೇ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ವಂದೇ ಭಾರತ್ ಮಾಡಿದ್ದೀಯಾ?" ಇಲ್ಲ. ನಾನು ಮಾಡೋದು ಗೂಡ್ಸ್ ಡಬ್ಬಿ. ತುಕ್ಕು ಹಿಡಿದ, ಕೆಂಪು ಧೂಳು ಮೆತ್ತಿದ, ಲೆವೆಲ್ ಕ್ರಾಸಿಂಗ್‌ನಲ್ಲಿ ನಿಂತವರು ಬೈಕೊಂಡು ಎಣಿಸುವ ಡಬ್ಬಿ. ಅರಸೀಕೆರೆಯಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಲ್ಲ. ಬೆಂಗಳೂರು-ಹುಬ್ಬಳ್ಳಿ ಲೈನಿಗೆ ಹಾಸನ, ಮಂಗಳೂರು ಕಡೆಯ ಲೈನ್ ಸೇರುವ ಜಂಕ್ಷನ್ ನಮ್ಮೂರು. ಪ್ಯಾಸೆಂಜರ್ ಗಾಡಿ ಎರಡು ನಿಮಿಷ ನಿಂತು ಹೋಗುತ್ತೆ. ಗೂಡ್ಸ್ ಗಾಡಿ ಗಂಟೆಗಟ್ಟಲೆ ನಿಲ್ಲುತ್ತೆ, ನೋಡೋಕೆ ಟೈಮ್ ಕೊಡುತ್ತೆ.

ನನ್ನ ಮೊದಲ ಕಿಟ್ ಬಾಕ್ಸ್‌ಎನ್, ಅಂದ್ರೆ ಅದಿರು, ಕಲ್ಲಿದ್ದಲು ಸಾಗಿಸುವ ಮೇಲ್ಛಾವಣಿ ಇಲ್ಲದ ವ್ಯಾಗನ್. ಡಬ್ಬದ ಒಳಗೆ ಇದ್ದದ್ದು ಕತ್ತರಿಸಿದ ಪ್ಲಾಸ್ಟಿಕ್ ಶೀಟು, 3ಡಿ ಪ್ರಿಂಟ್ ಮಾಡಿದ ಬೋಗಿ, ಚಕ್ರ, ಕಪ್ಲರ್. ಬೋಗಿ ಅಂದ್ರೆ ಇಲ್ಲಿ ನಾವು ಕೂರುವ ಡಬ್ಬಿ ಅಲ್ಲ. ಕೆಳಗಡೆ ಎರಡು ಆಕ್ಸಲ್, ನಾಲ್ಕು ಚಕ್ರ ಹಿಡಿದಿರುವ ಚೌಕಟ್ಟು. ಸ್ಕೇಲ್ 1:87.

ಉದ್ದದ ಲೆಕ್ಕ ಸುಲಭ. ಕಪ್ಲರ್‌ನಿಂದ ಕಪ್ಲರ್‌ಗೆ 10,713 ಮಿ.ಮೀ. ಇರುವ ವ್ಯಾಗನ್ 123 ಮಿ.ಮೀ. ಆಗುತ್ತೆ. ತೂಕ ಹಾಗಲ್ಲ. ಅದು ಗಾತ್ರದ ಜೊತೆ ಹೋಗೋದು, ಹಾಗಾಗಿ 87ರ ಘನದಿಂದ, ಅಂದ್ರೆ ಸುಮಾರು ಆರೂವರೆ ಲಕ್ಷದಿಂದ ಭಾಗಿಸಬೇಕು. ಖಾಲಿ ಬಾಕ್ಸ್‌ಎನ್ ಸುಮಾರು 22.5 ಟನ್; ಮಾಡೆಲ್‌ನಲ್ಲಿ ಬರೀ 34 ಗ್ರಾಂ. ಅಷ್ಟು ಹಗುರ ಇದ್ರೆ ತಿರುವಿನಲ್ಲಿ ಹಳಿ ತಪ್ಪೋದು ಗ್ಯಾರಂಟಿ. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಶಿಫಾರಸು ಹೀಗಿದೆ: ಮೊದಲು 1 ಔನ್ಸ್, ಆಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನನ್ನ ವ್ಯಾಗನ್‌ಗೆ ಸುಮಾರು 95 ಗ್ರಾಂ ಬೇಕು. ಒಳಗೆ ಕಬ್ಬಿಣದ ನಟ್ ಅಂಟಿಸಿ, ಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿದೆ. ಅದೇ ಅದಿರು. ಮಜಾ ಏನಂದ್ರೆ, ಮೂಲ ವಿನ್ಯಾಸದ ಪ್ರಕಾರ ತುಂಬಿದ ಬಾಕ್ಸ್‌ಎನ್ 81.28 ಟನ್, ಅದರ ಲೆಕ್ಕ ಹಾಕಿದ್ರೂ 123 ಗ್ರಾಂ ಬರುತ್ತೆ. ಉದ್ದ 123, ತೂಕ 123. ಬರೀ ಕಾಕತಾಳೀಯ, ಆದ್ರೂ ಖುಷಿ.

ಎಲ್ಲವೂ ಹೀಗೆ ಕೂಡಿ ಬರಲ್ಲ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ.; 1:87ಕ್ಕೆ 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ., ಯಾಕಂದ್ರೆ ಅದು 1,435 ಮಿ.ಮೀ. ಗೇಜಿನ ದೇಶಗಳಿಗೆ ಮಾಡಿದ್ದು. ಹಾಗಾಗಿ ನಮ್ಮ ವ್ಯಾಗನ್ ಎದುರಿಂದ ನೋಡಿದ್ರೆ ಸಣ್ಣ ಸೈಜಿನ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತೆ.

ಆಮೇಲೆ ನಂಬರ್. ವ್ಯಾಗನ್ ಪಕ್ಕದಲ್ಲಿ 11 ಅಂಕಿ ಇರುತ್ತೆ: ಮೊದಲ ಎರಡು ವ್ಯಾಗನ್ ಜಾತಿ, ಮುಂದಿನ ಎರಡು ಯಾವ ರೈಲ್ವೆಯದ್ದು, ಆಮೇಲಿನ ಎರಡು ತಯಾರಾದ ವರ್ಷ, ನಂತರದ ನಾಲ್ಕು ಅದರದ್ದೇ ಸಂಖ್ಯೆ, ಕೊನೆಯದ್ದು ಚೆಕ್ ಡಿಜಿಟ್. ಸಮ ಸ್ಥಾನದ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಿ, ಬೆಸ ಸ್ಥಾನದವನ್ನು ಸೇರಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಮ್ಮಿಯೋ ಅದೇ ಕೊನೆಯ ಅಂಕಿ. ನಾನು ಆರಿಸಿದ್ದು 1015090427. ಸಮ ಸ್ಥಾನಗಳ ಮೊತ್ತ 25, ಮೂರು ಪಟ್ಟು 75, ಬೆಸದ್ದು 4, ಒಟ್ಟು 79. ಕೊನೆಗೆ 1. ನಿಂತ ಗಾಡಿಯ ಮುಂದೆ ನಿಂತು ನೀವೂ ಲೆಕ್ಕ ಹಾಕಿ ನೋಡಿ.

ಒಂದು ಬಾಕ್ಸ್‌ಎನ್ ರೇಕ್‌ನಲ್ಲಿ ಸಾಮಾನ್ಯವಾಗಿ 58 ಅಥವಾ 59 ವ್ಯಾಗನ್. ದೂರದಿಂದ ಎಲ್ಲಾ ಒಂದೇ. ಹತ್ತಿರ ಹೋದ್ರೆ ಒಂದಕ್ಕೆ ಬಾಗಿಲು ಸೊಟ್ಟ, ಇನ್ನೊಂದಕ್ಕೆ ಹೊಸ ಬಣ್ಣದ ತೇಪೆ, ಮತ್ತೊಂದರ ಮೇಲೆ ಸೀಮೆಸುಣ್ಣದ ಗುರುತು. ನಮ್ಮೂರಿಂದ ಬಸ್ಸಲ್ಲಿ ಹೋಗುವ ಹಳೇಬೀಡಿನಲ್ಲೂ ಇದೇ ಕಥೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಸಾಲಾಗಿ ಆನೆಗಳು. ನಡ್ಕೊಂಡು ಹೋಗ್ತಾ ನೋಡಿದ್ರೆ ರಿಪೀಟ್ ಅನ್ಸುತ್ತೆ, ಕೂತು ನೋಡಿದ್ರೆ ಒಂದರ ಸೊಂಡಿಲು ಇನ್ನೊಂದರ ಥರ ಇಲ್ಲ. ಡೀಟೇಲಿಂಗ್ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಅಲ್ಲಿ. ಚಿಕ್ಕ ಚಿಕ್ಕ ಭಾಗ ತುಂಬೋದಲ್ಲ, ಇದು ಯಾವ ಆನೆ ಅಂತ ಹೇಳೋದು.

ಇಷ್ಟೆಲ್ಲಾ ಕಿಟ್ ಇರುವ ವ್ಯಾಗನ್ ಕಥೆ. ಕಿಟ್ಟೇ ಇಲ್ಲದ್ದು ಒಂದಿದೆ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವ ತನಕ ನಮ್ಮ ಬೆಂಗಳೂರು-ಹುಬ್ಬಳ್ಳಿ ಲೈನ್ ಮೀಟರ್ ಗೇಜ್. ತಾತ ಆಗ ಗೂಡ್ಸ್ ಶೆಡ್‌ನಲ್ಲಿ ಹಮಾಲಿ, ಕೊಬ್ಬರಿ ಮೂಟೆ ಹೊರ್ತಾ ಇದ್ದರು. ಆ ಕಾಲದ ನಾಲ್ಕು ಚಕ್ರದ ಮುಚ್ಚಿದ ಡಬ್ಬಿ ಮಾಡೋಣ ಅಂತ ಹೊರಟೆ. ಗೋಡೆಯ ಪಟ್ಟಿ, ಛಾವಣಿಯ ಬಾಗು ಹಳೇ ಫೋಟೋಗಳಲ್ಲಿ ಸಿಕ್ತು. ಬಾಗಿಲಿನ ಎತ್ತರ ಸಿಗಲಿಲ್ಲ. ತಾತನನ್ನು ಕೇಳಿದ್ರೆ ಅವರು ಅಳತೆ ಹೇಳಿದ್ದು ಹೀಗೆ: "ನಾನ್ ಮೂಟೆ ಹೊತ್ಕೊಂಡು ಒಳಗ್ ಹೋಗುವಾಗ ಸೊಲ್ಪ ಬಗ್ಬೇಕಿತ್ತು ಕಣ್ಲಾ, ಅಷ್ಟೇಯ."

ತಾತನ ಎತ್ತರ 5 ಅಡಿ 4 ಇಂಚು. 87ರಿಂದ ಭಾಗಿಸಿದರೆ 18.7 ಮಿ.ಮೀ. ಕಾರ್ಡ್‌ಬೋರ್ಡ್‌ನಲ್ಲಿ ಅಷ್ಟೆತ್ತರದ ತಾತನನ್ನು ಕತ್ತರಿಸಿ, ಬೆನ್ನ ಮೇಲೆ ಮೂಟೆ ಇಟ್ಟು, ಬಾಗಿಸಿ, ಬಾಗಿಲು ಕೊರೆದೆ. ಡಬ್ಬಿ ತೋರಿಸಿದಾಗ ಕನ್ನಡಕ ಏರಿಸಿ ತಿರುಗಿಸಿ ನೋಡಿದರು. "ಸೀಲ್ ಎಲ್ಲೈತೆ? ಸೀಲ್ ಹಾಕ್ದೆ ಗಾಡಿ ಬಿಡಾಕಿಲ್ಲ" ಅಂದ್ರು. ಬಾಗಿಲಿನ ಚಿಲಕಕ್ಕೆ ತಂತಿ ಸುತ್ತಿ ಸೀಸದ ಸೀಲ್ ಒತ್ತೋರಂತೆ, ಪಕ್ಕದಲ್ಲಿ ಎಲ್ಲಿಗೆ ಹೋಗಬೇಕು ಅನ್ನೋ ಚೀಟಿ ಸಿಕ್ಕಿಸೋರಂತೆ. ಫೋಟೋದಲ್ಲಿ ಇವು ಕಾಣಲೇ ಇಲ್ಲ. ಫ್ಯೂಸ್ ವಯರಿನ ಒಂದು ಎಳೆಯಲ್ಲಿ ಸೀಲ್ ಕಟ್ಟಿದೆ. ತಾತನ ನೆನಪು ಈಗ ದಿನಕ್ಕೊಂದು ಥರ. ಕೆಲವು ದಿನ ನನ್ನ ಹೆಸರು ತಡವಾಗಿ ಬರುತ್ತೆ. ಸೀಲ್ ಮಾತ್ರ ಕೇಳಿದ ತಕ್ಷಣ ಬಂತು.

ಬೇಲೂರಿಗೆ ಹೋದವರು ಒಂದು ಗಮನಿಸಿರಬಹುದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಗೆ ಗರ್ಭಗುಡಿಯ ಮೇಲಿನ ಶಿಖರ ಈಗ ಇಲ್ಲ. ಆದರೆ ಮೆಟ್ಟಿಲುಗಳ ಅಕ್ಕಪಕ್ಕ ಪುಟ್ಟ ಗುಡಿಗಳಿವೆ, ಅವಕ್ಕೆ ಶಿಖರ ಇದೆ. ಹೋದ ಶಿಖರ ಹೇಗಿತ್ತು ಅಂತ ಊಹಿಸೋಕೆ ವಿದ್ವಾಂಸರು ನೋಡೋದು ಈ ಪುಟ್ಟ ಗುಡಿಗಳನ್ನೇ. ದೊಡ್ಡದು ಹೋಯ್ತು, ಮಾಡೆಲ್ ಉಳೀತು.

ನನ್ನ ಡಬ್ಬಿ ಶಿಲ್ಪ ಅಲ್ಲ, ಬಿಡಿ. ಆದರೆ ನಿಮ್ಮ ಮನೆಯಲ್ಲೂ ಮಿಲ್ಲು, ಗಾಣ, ಲಾರಿ, ಶೆಡ್ ಅಂತ ಕೆಲಸ ಮಾಡಿದ ಹಿರಿಯರು ಇರ್ತಾರೆ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಸ್ಕೇಲು, ಪೆನ್ಸಿಲ್ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೊಳಿ. "ಆಗ ಹೇಗಿತ್ತು" ಅಂತ ಕೇಳಬೇಡಿ. "ಬಾಗಿಲು ಎಷ್ಟೆತ್ತರ ಇತ್ತು" ಅಂತ ಕೇಳಿ.