ಕಿತ್ತೂರ ಸೇವಕರ ವಂಶಾವಳಿ

ಬೆಳಗಾವಿ ಜಿಲ್ಲೆಯ ಕಿತ್ತೂರು ಕೋಟೆಯ ಮುರಿದ ಗೋಡೆಗಳು ದೇಸಾಯಿ ಮನೆತನದ ಕಥೆಯನ್ನು ಯಾತ್ರಿಕನಿಗೆ ಹೇಳುತ್ತವೆ. ಆ ಮನೆತನದ ಉಪ್ಪುಂಡ ಸೇವಕರ ವಂಶವನ್ನು ಅರಸುವವರು ಮಾತ್ರ ಸುತ್ತಲಿನ ಹಳ್ಳಿಗಳ ಹೊಲಗಳತ್ತ ನಡೆಯಬೇಕು.

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನವರು ಶೇತಸನದಿಗಳು. ಎಂದರೆ ಸೇವೆಗೆ ಪ್ರತಿಯಾಗಿ ಭೂಮಿಯನ್ನು ಪಡೆದವರು. ಇಂಥ ಸೇವೆಯೂ ಭೂಮಿಯೂ ತಂದೆಯಿಂದ ಮಗನಿಗೆ ಸಾಗುತ್ತಿದ್ದುದರಿಂದ ಸನದೇ ಅವರ ವಂಶಾವಳಿ. 1824ರ ಯುದ್ಧದ ತರುವಾಯ ಕುಂಪಣಿ ಸರ್ಕಾರವು ಆ ಭೂಮಿಗೆ ಕೈಯಿಕ್ಕಿತು. ಆಗ ಹೋದದ್ದು ಅನ್ನವಷ್ಟೇ ಅಲ್ಲ, ಮನೆತನದ ಹೆಸರೂ ಹೋಯಿತು. 1830ರಲ್ಲಿ ರಾಯಣ್ಣನವರ ದಂಡು ಬೀಡಿಯ ಸರ್ಕಾರಿ ಕಚೇರಿಯನ್ನು ಸುಟ್ಟಿತು. ಮರುವರ್ಷ ನಂದಗಡದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅಲ್ಲಿಯ ಸಮಾಧಿಗೆ ಜನ ಇಂದಿಗೂ ಕೈಮುಗಿಯುತ್ತಾರೆ. ಅವರೊಡನೆ ಹೋರಾಡಿದ ಎಷ್ಟೋ ಸನದಿಗಳ ಹೆಸರನ್ನು ಕೇಳುವವರಿಲ್ಲ.

ಸೇವಕರ ಹೆಸರನ್ನು ಕಾಯುವುದು ನಮ್ಮ ಪರಂಪರೆಗೆ ಹೊಸದಲ್ಲ. ಬಸವಣ್ಣನವರ ಹಡಪ ಹಿಡಿದ ಅಪ್ಪಣ್ಣನವರ ವಚನಗಳನ್ನೂ ಅವರ ಪತ್ನಿ ಲಿಂಗಮ್ಮನವರ ವಚನಗಳನ್ನೂ ಶರಣಪರಂಪರೆ ಉಳಿಸಿಕೊಂಡಿದೆ. ಆದ್ದರಿಂದ ದೇಸಾಯಿ, ಗೌಡರ ವಾಡೆಗಳಲ್ಲಿ ಹಳೆಯ ಕಡತ, ಸನದುಗಳನ್ನು ಇಟ್ಟುಕೊಂಡಿರುವ ಬಂಧುಗಳು ತಮ್ಮ ಹಿರಿಯರ ಹೆಸರಿನೊಡನೆ ಆಳುಮಕ್ಕಳ ಹೆಸರನ್ನೂ ಅವುಗಳಲ್ಲಿ ಹುಡುಕಲಿ. ಅದನ್ನು ಬರೆದು ಅವರ ಮೊಮ್ಮಕ್ಕಳ ಮನೆಗೆ ಮುಟ್ಟಿಸಲಿ. ಉಂಡ ಉಪ್ಪಿನ ಋಣವನ್ನು ಅವರು ತೀರಿಸಿದ್ದಾರೆ. ದುಡಿಸಿಕೊಂಡ ಋಣ ನಮ್ಮದು ಉಳಿದಿದೆ.