ಪುಟ್ಟಿಗೆ ಡಾಂಬರು

ಕಳೆದ ಡಿಸೆಂಬರಿನಲ್ಲಿ ಮಗ, ಸೊಸೆ, ಮೊಮ್ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ರಾಯಚೂರಿಗೆ ಬಂದಿದ್ದರು. ಮಾನ್ವಿಯಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೊರಟಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಣ್ಣಿಗೆ ಬಿತ್ತು. ದಂಡೆಮಟ್ಟ ಹರಿಯುತ್ತಿತ್ತು. ಹತ್ತು ವರ್ಷದ ಮೊಮ್ಮಗಳು ಕಾರಿನ ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದಳು: "ತಾತಾ, ಇಷ್ಟು ಚೆಂದ ಕಾಲುವೆ ಇದೆ, ಇದರಲ್ಲಿ ದೋಣಿಮನೆ ಒಂದೂ ಇಲ್ಲ ಯಾಕೆ?"

ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಾರು ವರ್ಷ ಕೂತವನು ನಾನು. ಸುಲಭವಾಗಿ ಕಾಣುವ ಪ್ರಶ್ನೆಗೆ ಆತುರದಲ್ಲಿ ಉತ್ತರ ಕೊಟ್ಟು ಒಮ್ಮೆ ಕೆಟ್ಟಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ದೋಣಿಮನೆ ಎಂದರೇನು ಎಂದು ಮಕ್ಕಳಿಗೆ ಹೇಳಬೇಕು.

2018ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಮಗನ ಮನೆಗೆ ಹೋಗಿದ್ದೆವು. ಬರ್ಮಿಂಗ್‌ಹ್ಯಾಮ್ ಊರಿನ ನಡುವೆಯೇ ಕಾಲುವೆಗಳಿವೆ. ಅವು ಹೊಲಕ್ಕೆ ನೀರುಣಿಸುವ ಕಾಲುವೆಗಳಲ್ಲ. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಕಲ್ಲಿದ್ದಲು, ಕಬ್ಬಿಣ, ಮಣ್ಣಿನ ಪಾತ್ರೆ ಸಾಗಿಸಲೆಂದೇ ತೋಡಿದವು. ಆಗ ರೈಲು ಇರಲಿಲ್ಲ. ದಂಡೆಯ ಮೇಲೆ ಕುದುರೆ ನಡೆಯುತ್ತ ಹಗ್ಗದಿಂದ ದೋಣಿಯನ್ನು ಎಳೆಯುತ್ತಿತ್ತು. ದೋಣಿಯ ಹಿಂತುದಿಯ ಒಂದು ಪುಟ್ಟ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಅಡುಗೆ, ನಿದ್ದೆ ಎಲ್ಲ. ಈಗ ಸರಕು ಹೋಗಿ ಉದ್ದಕ್ಕೂ ಮನೆಯೇ ಆಗಿದೆ. ಸಾವಿರಾರು ಜನ ಅವುಗಳಲ್ಲೇ ವಾಸ ಮಾಡುತ್ತಾರೆ.

ಮಗನ ಜೊತೆ ಕೆಲಸ ಮಾಡುವ ಒಬ್ಬರು ಹಾಗೆ ಇರುವವರು. ನಾಲ್ಕು ದಿನ ನಮ್ಮನ್ನೂ ಕರೆದೊಯ್ದರು. ದೋಣಿಯ ಉದ್ದ 57 ಅಡಿ, ಅಗಲ ಮಾತ್ರ ಏಳು ಅಡಿಗೂ ಎರಡಂಗುಲ ಕಡಿಮೆ. ನಮ್ಮ ರೈಲಿನ ಡಬ್ಬಿಗಿಂತಲೂ ಇಕ್ಕಟ್ಟು. ನಮ್ಮಾಕೆ ಒಳಗೆ ಕಾಲಿಟ್ಟವಳೇ, "ಇದೇನ್ರೀ, ಓಣಿಗೆ ಮಾಡು ಹಾಕ್ಯಾರ" ಎಂದಳು. ಅಷ್ಟು ಕಿರಿದಾಗಿರಲು ಕಾರಣ ಅಲ್ಲಿನ ನೀರುಬಾಗಿಲುಗಳು. ಕಾಲುವೆ ದಿನ್ನೆ ಏರುವಲ್ಲಿ ಎರಡು ಬಾಗಿಲುಗಳ ನಡುವೆ ಒಂದು ಕಟ್ಟೆತೊಟ್ಟಿ ಇರುತ್ತದೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ನೀರನ್ನು ನಿಧಾನವಾಗಿ ಬಿಟ್ಟರೆ ದೋಣಿ ತಾನಾಗಿ ಮೇಲೇಳುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುವುದು. ಆ ಕಾಲದವರು ನೀರು ಉಳಿಸಲು ತೊಟ್ಟಿಯನ್ನು ಏಳೇ ಅಡಿ ಅಗಲ ಕಟ್ಟಿದರು, ದೋಣಿಯೂ ಅಷ್ಟಕ್ಕೇ ನಿಂತಿತು. ವೇಗ ಗಂಟೆಗೆ ನಾಲ್ಕು ಮೈಲಿ ಮೀರಬಾರದು. ದಂಡೆಯ ಮೇಲೆ ನಾಯಿ ಅಡ್ಡಾಡಿಸುವ ಮುದುಕರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ಒಳಗಿನ ಬಾಳು ನಾನು ಅಂದುಕೊಂಡಂತೆ ಮಜಾ ಅಲ್ಲ, ದಿನಚರಿ. ನಲ್ಲಿ ಇರುವ ಕಡೆ ನಿಂತು ತೊಟ್ಟಿಗೆ ನೀರು ತುಂಬಿಸಬೇಕು. ಪಾಯಖಾನೆಯ ಡಬ್ಬಿಯನ್ನು ಕೈಯಾರೆ ಒಯ್ದು ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಬೇಕು. (ಈ ಕೆಲಸಕ್ಕೆ ಮನೆಯ ಯಜಮಾನರೇ ಎದ್ದು ಹೋಗುತ್ತಿದ್ದರು, ಹೆಂಡತಿಗೆ ಹೇಳಲಿಲ್ಲ. ನಾನು ಗಮನಿಸಿದೆ.) ಸಂಜೆ ಎಂಜಿನ್ ನಿಲ್ಲಿಸಿದ ಕೂಡಲೇ, ಹಿಂದಿನ ಪಂಖದ ದಂಡ ತೂರುವ ತೂತಿನಿಂದ ನೀರು ಜಿನುಗದಂತೆ ಗ್ರೀಸ್ ತಿರುವಬೇಕು. ನೆಲದ ಹಲಗೆ ಎತ್ತಿ ಕೆಳಗೆ ನೀರು ನಿಂತಿದೆಯೇ ನೋಡಬೇಕು. ಚಳಿಗಾಲದಲ್ಲಿ ಕಲ್ಲಿದ್ದಲ ಒಲೆ ಉರಿಸಿದರೆ ಗಾಳಿಕಿಂಡಿಯನ್ನು ಎಷ್ಟೇ ಚಳಿಯಾದರೂ ಮುಚ್ಚಬಾರದು. ವಿಷಗಾಳಿ ತುಂಬಿ ಮಲಗಿದವರು ಏಳದೇ ಹೋಗುತ್ತಾರೆ. ಅದಕ್ಕೆ ಕೂಗುವ ಒಂದು ಯಂತ್ರವನ್ನೂ ಗೋಡೆಗೆ ಹಾಕಿರುತ್ತಾರೆ. ಸ್ವಂತ ಕಟ್ಟೆ ಇಲ್ಲದ ದೋಣಿ ಒಂದೇ ಕಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಹೊಸ ಸಾಮಾನು ಒಂದು ತಂದರೆ ಹಳೆಯದೊಂದು ಹೊರಗೆ ಹೋಗಬೇಕು. ಈ ಕೊನೆಯ ನಿಯಮವನ್ನು ನಮ್ಮ ಮನೆಯ ಅಟ್ಟಕ್ಕೂ ತರಬೇಕೆಂದು ನನ್ನ ಆಸೆ. ಇನ್ನೂ ಈಡೇರಿಲ್ಲ.

ಮೂರನೆಯ ದಿನ ಆ ಯಜಮಾನರು ಹೇಳಿದರು: ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಪಾಚಿ ಕೆರೆದು, ತಳಕ್ಕೂ ಬದಿಗೂ ಕಪ್ಪು ಡಾಂಬರು ಬಣ್ಣ ಬಳಿಯುವುದು. ತಪ್ಪಿಸಿದರೆ ಹತ್ತು ಮಿಲಿಮೀಟರ್ ದಪ್ಪದ ಉಕ್ಕನ್ನೂ ತುಕ್ಕು ತಿನ್ನುತ್ತದಂತೆ. ಮಗ ತಟ್ಟನೆ ನನ್ನ ಕಡೆ ತಿರುಗಿ, "ಅಪ್ಪಾ, ನಮ್ಮ ದೇವದುರ್ಗದ ಪುಟ್ಟಿ!" ಎಂದ. ಅವನು ಮರೆತಿರುತ್ತಾನೆ ಎಂದುಕೊಂಡಿದ್ದೆ.

ಪುಟ್ಟಿ ಎಂದರೆ ಹರಿಗೋಲು. ನಮ್ಮ ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡನ್ನೂ ನಮ್ಮ ಹಿರಿಯರು ಈ ದುಂಡನೆಯ ಬುಟ್ಟಿದೋಣಿಯಲ್ಲೇ ದಾಟಿದ್ದಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿದೆ, ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಸಾಗುವಾಗ ಸುತ್ತುತ್ತಲೇ ಇರುತ್ತದೆ ಎಂದು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರ ಕಸುಬೂ ದೋಣಿ ನಡೆಸುವುದೇ.

1980ರ ದಶಕದ ಮೊದಲಲ್ಲಿ ನನಗೆ ದೇವದುರ್ಗದ ಶಾಖೆಯಲ್ಲಿ ಕೆಲಸ. ಬಡವರಿಗೆ ಸಹಾಯಧನದೊಡನೆ ಸಾಲ ಕೊಡುವ ಸರ್ಕಾರದ ಯೋಜನೆ ಬಂದ ಹೊಸತು. ಎಮ್ಮೆ, ಕುರಿ, ಹೊಲಿಗೆ ಯಂತ್ರದ ಅರ್ಜಿಗಳೇ ರಾಶಿ. ಅವುಗಳ ನಡುವೆ ಕೃಷ್ಣಾ ದಂಡೆಯ ಒಂದು ಹಳ್ಳಿಯ ಅಂಬಿಗರೊಬ್ಬರ ಅರ್ಜಿ ಬಂತು, ಪುಟ್ಟಿಗೆ. ಅವರಿಗೆ ಆಗಲೇ ಅರವತ್ತರ ಹತ್ತಿರ. ಫಾರಮಿನಲ್ಲಿ 'ಸಾಧನ ಎಷ್ಟು ವರ್ಷ ಬಾಳುತ್ತದೆ' ಎಂಬ ಕಾಲಂ ಇತ್ತು. ಕೇಳಿದೆ. "ನೋಡಿಕೊಂಡ್ರ ಮೂರು ಮಳಿಗಾಲ ರೀ. ನೋಡಲಿಲ್ಲಂದ್ರ ಒಂದೂ ಇಲ್ಲ" ಎಂದರು. ನಾನು 'ಮೂರು ವರ್ಷ' ಎಂದಷ್ಟೇ ಬರೆದೆ. ಸಾಲ ಮಂಜೂರಾಯಿತು. ಅವರು ತಿಂಗಳು ತಪ್ಪದೆ ಕಂತು ಕಟ್ಟಿದರು.

ಮರುವರ್ಷ ಬೇಸಿಗೆಯಲ್ಲಿ ಬಂದು, ತಳದ ಹೊದಿಕೆ ಸವೆದಿದೆ, ಡಾಂಬರಿಗೂ ತಾಡಪಾಲಿಗೂ ಇನ್ನೂರು ರೂಪಾಯಿ ಬೇಕು ಎಂದರು. ನಾನು ತಲೆ ಎತ್ತದೆ, "ರಿಪೇರಿಗೆ ಸಾಲ ಕೊಡೋ ರೂಲ್ ಇಲ್ರಿ" ಎಂದೆ. ಅವರು ಸ್ವಲ್ಪ ಹೊತ್ತು ನಿಂತು, "ನಿಮ್ಮ ರೂಲು ಹೊಳಿ ಓದಿಲ್ರಿ ಸಾಹೇಬ್ರ" ಎಂದು ಹೊರಟುಹೋದರು. ಸತ್ಯ ಹೇಳುತ್ತೇನೆ, ನಾನು ರೂಲ್ ನೋಡಿ ಹೇಳಿದ ಮಾತಲ್ಲ ಅದು. ಮ್ಯಾನೇಜರರನ್ನು ಕೇಳಲೂ ಇಲ್ಲ. ಅವತ್ತು ಕೌಂಟರಿನಲ್ಲಿ ಜನ ಬಹಳವಿದ್ದರು, ಅಷ್ಟೇ.

ಆ ವರ್ಷದ ದೀಪಾವಳಿಗೆ ನಮ್ಮಾಕೆಯ ತವರಿಗೆ ಹೊರಟೆವು. ಊರು ಹೊಳೆಯ ಆಚೆ ದಂಡೆ, ಶಹಾಪುರ ತಾಲ್ಲೂಕು. ಮಗನಿಗೆ ಆರು ವರ್ಷ. ಕಟ್ಟೆಯಲ್ಲಿ ನಿಂತಿದ್ದದ್ದು ಅದೇ ಅಂಬಿಗರ ಪುಟ್ಟಿ. ಅವರು ಯಾವ ಮಾತೂ ಎತ್ತದೆ, "ಬರ್ರಿ, ನಡುವ ಕಾಲಿಡ್ರಿ, ಅಂಚಿಗೆ ಬ್ಯಾಡ" ಎಂದು ಮಗನನ್ನು ಎತ್ತಿ ಕೂರಿಸಿಕೊಂಡರು. ಒಟ್ಟು ಒಂಬತ್ತು ಜನ.

ನಡು ಹೊಳೆಗೆ ಬಂದಾಗ ನನ್ನ ಧೋತರ ಒದ್ದೆಯಾಯಿತು. ನೋಡಿದರೆ ತಳದಲ್ಲಿ ನಾಲ್ಕು ಬೆರಳು ನೀರು. ಬಿದಿರಿನ ಎರಡು ದಬ್ಬೆಗಳ ನಡುವೆ ಡಾಂಬರು ಬಿರಿದು ನೀರು ಒಸರುತ್ತಿತ್ತು. ಯಾರೋ ಎದ್ದರು, ಪುಟ್ಟಿ ವಾಲಿತು. "ಯಾರೂ ಏಳಬ್ಯಾಡ್ರಿ! ಕುಂತಲ್ಲೇ ಕುಂದರ್ರಿ!" ಅಂಬಿಗರ ದನಿ ಅಷ್ಟು ಜೋರಾಗಿ ನಾನು ಕೇಳಿದ್ದು ಅದೊಂದೇ ಸಲ. ತಲೆಯ ರುಮಾಲು ಬಿಚ್ಚಿ ನನ್ನ ಕಡೆ ಎಸೆದು, ತೂತಿನ ಮೇಲಿಟ್ಟು ಹಿಮ್ಮಡಿಯಿಂದ ಒತ್ತಲು ಹೇಳಿದರು. ನಮ್ಮಾಕೆ ತವರಿಗೆಂದು ಒಯ್ಯುತ್ತಿದ್ದ ಕರ್ಚಿಕಾಯಿಯ ಡಬ್ಬಿಯನ್ನು ಸೆರಗಿಗೆ ಸುರಿದುಕೊಂಡು, ಖಾಲಿ ಡಬ್ಬಿ ಮಗನ ಕೈಗೆ ಕೊಟ್ಟಳು. ಆರು ವರ್ಷದ ಹುಡುಗ ನೀರು ತೋಡಿ ಹೊರಗೆ ಸುರಿದ, ಸುರಿದ. ಅವನಿಗೆ ಅದು ಆಟ. ನನಗೆ ಮಾತ್ರ ಕಣ್ಣ ಮುಂದೆ ಒಂದೇ ಲೆಕ್ಕ ಕುಣಿಯುತ್ತಿತ್ತು: ಇನ್ನೂರು ರೂಪಾಯಿ.

ದಡ ಸೇರಿದೆವು. ಅಂಬಿಗರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮರುವಾರ ಭಾನುವಾರ ನಾನೂ ಮಗನೂ ಒಂದು ಡಬ್ಬ ಡಾಂಬರು, ಹೊಸ ತಾಡಪಾಲು ಹಿಡಿದು ಹೊಳೆಗೆ ಹೋದೆವು. ಅಂಬಿಗರು ಬೇಡ ಎನ್ನಲಿಲ್ಲ, "ಬರದಿಡ್ರಿ, ತೀರಸ್ತೀನಿ" ಎಂದರು. ಅಂದು ಅವರಿಂದ ಕಲಿತದ್ದನ್ನು ನಾನು ಬಿ.ಕಾಂ.ನಲ್ಲಿ ಕಲಿತಿರಲಿಲ್ಲ. ಪುಟ್ಟಿಯನ್ನು ಬೋರಲು ಹಾಕಿ ಎರಡು ದಿನ ಒಣಗಿಸಿದ್ದರು. ಒದ್ದೆಯ ಮೇಲೆ ಬಳಿದ ಡಾಂಬರು ಹಪ್ಪಳದಂತೆ ಏಳುತ್ತದೆ. ಹಳೆಯ ಸಿಪ್ಪೆ ಕೆರೆದು, ಮುರಿದ ದಬ್ಬೆಗಳ ಜಾಗಕ್ಕೆ ಹೊಸ ಬಿದಿರು ಸಿಗಿದು ಹೆಣೆದರು. ಅಂಚಿನ ದಪ್ಪ ಕಟ್ಟನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಅಂಚು ಸಡಿಲಾದರೆ ಇಡೀ ಬುಟ್ಟಿ ಹರಡಿಕೊಳ್ಳುತ್ತದಂತೆ. ಮೊದಲೆಲ್ಲ ಎಮ್ಮೆ ತೊಗಲು ಹೊದಿಸುತ್ತಿದ್ದರು. ಈಗ ತಾಡಪಾಲು ಬಿಗಿದು, ಅದರ ಮೇಲೆ ಕುದಿಯುವ ಡಾಂಬರನ್ನು ಬಟ್ಟೆ ಸುತ್ತಿದ ಕೋಲಿನಿಂದ ತೆಳ್ಳಗೆ ಬಳಿಯುವುದು. ದಪ್ಪ ಬಳಿದರೆ ಭಾರವೂ ಹೆಚ್ಚು, ಬಿಸಿಲಿಗೆ ಇಳಿದೂ ಹೋಗುತ್ತದೆ. ಆಮೇಲೆ ನೆರಳಿನಲ್ಲಿ ಕಲ್ಲುಗಳ ಮೇಲೆ ಬೋರಲು ಇಡಬೇಕು, ನೆಲಕ್ಕೆ ತಾಗಿದರೆ ಗೆದ್ದಲು. ಮಳೆ ಬಂದರೆ ಅದರ ಕೆಳಗೇ ನುಸುಳಿ ಕೂರಬಹುದು. ಹೊಳೆಯುದ್ದಕ್ಕೂ ಮೀನು ಹಿಡಿಯುತ್ತ ಹೋಗುವ ಸಂಸಾರಗಳು ರಾತ್ರಿ ಹಾಗೆಯೇ ಮಲಗುತ್ತವೆ. ನಮ್ಮ ಕಡೆಯ ದೋಣಿಮನೆ ಎಂದರೆ ಅದೇ.

ಹುಟ್ಟು ಹಾಕುವುದನ್ನೂ ಅವರು ಮಗನಿಗೆ ಕಲಿಸಿದರು. ನೇರ ಎದುರು ದಡಕ್ಕೆ ಹೊರಟರೆ ಸೆಳವು ಕೆಳಗೆ ಒಯ್ಯುತ್ತದೆ. ಮೊದಲು ದಂಡೆಗುಂಟ ಮೇಲಕ್ಕೆ ಹೋಗಬೇಕು, ಆಮೇಲೆ ಓರೆಯಾಗಿ ಇಳಿಯಬೇಕು.

ಆ ಸಾಲ ಅವಧಿಗೆ ಮೊದಲೇ ತೀರಿತು. ನನ್ನ ಕೈಸಾಲವನ್ನು ಅವರು ವಾರಕ್ಕೆ ಐದು ರೂಪಾಯಿಯಂತೆ ಕೊಟ್ಟು ತೀರಿಸಿದರು. ಬೇಡವೆಂದರೆ ಕೇಳಲಿಲ್ಲ. ಆಮೇಲೆ ಪುಟ್ಟಿಯ ಅರ್ಜಿ ಬಂದಾಗಲೆಲ್ಲ ಡಾಂಬರಿನ ಖರ್ಚನ್ನೂ ಸೇರಿಸಿ ಬರೆದು ಮ್ಯಾನೇಜರರ ಮುಂದಿಟ್ಟೆ. ಅವರು ಒಮ್ಮೆಯೂ ಹೊಡೆದುಹಾಕಲಿಲ್ಲ. ಕೇಳಿದ್ದರೆ ಮೊದಲೇ ಸಿಗುತ್ತಿತ್ತು.

ಇನ್ನು ಮೊಮ್ಮಗಳ ಪ್ರಶ್ನೆ. ತಂಗಿಯ ಮನೆಯಲ್ಲಿ ಊಟವಾದ ಮೇಲೆ ಹೇಳಿದೆ. ನಮ್ಮ ಎಡದಂಡೆ ಕಾಲುವೆ ಹುಟ್ಟಿದ್ದು ನೀರುಣಿಸಲು. ನೀರು ಇಳಿಜಾರಿನಲ್ಲಿ ಓಡಬೇಕು, ಅಲ್ಲಲ್ಲಿ ಧುಮುಕುತ್ತದೆ, ಗೇಟುಗಳು ಅಡ್ಡ ಬರುತ್ತವೆ, ಬೇಸಿಗೆಯಲ್ಲಿ ಬಂದ್ ಆಗುತ್ತದೆ. ದೋಣಿ ನಿಲ್ಲಿಸಿಕೊಂಡರೆ ಏಪ್ರಿಲಿನಲ್ಲಿ ಕೆಸರಿನ ಮೇಲೆ ಸಂಸಾರ. ಕೊನೆ ಭಾಗದ ರೈತರು ಈಗಲೇ ನೀರು ಮುಟ್ಟಲಿಲ್ಲ ಎಂದು ಗೋಳಾಡುತ್ತಾರೆ. ಆದರೆ ದೋಣಿಯ ಕಾಲುವೆ ನಮ್ಮ ಸೀಮೆಗೆ ಪೂರ್ತಿ ಹೊಸದೂ ಅಲ್ಲ. ಇದೇ ತುಂಗಭದ್ರೆಯ ನೀರಿನಿಂದ, ಪಕ್ಕದ ಕರ್ನೂಲಿನಿಂದ ಕಡಪದವರೆಗೆ 1860ರ ದಶಕದಲ್ಲಿ ತೋಡಿದ ಕಾಲುವೆ ದೋಣಿ ಸಂಚಾರಕ್ಕೂ ಎಂದೇ ಆಗಿತ್ತು. ಸಂಚಾರ ನಿಂತುಹೋಗಿ ನೀರಾವರಿ ಉಳಿಯಿತು.

ಅವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹಾಗಾಗಿ ಹಿಂದಿರುಗುವ ಮೊದಲು ಎಲ್ಲರೂ ಆತ್ಕೂರಿನ ಕಡೆಯಿಂದ ಕುರುವಪುರದ ನಡುಗಡ್ಡೆಗೆ ಹೋದೆವು. ಹೊಳೆ ಶಾಂತವಾಗಿತ್ತು. ಮಳೆಗಾಲದಲ್ಲಾದರೆ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ನಮ್ಮೂರಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲೆ ನಾರಾಯಣಪುರದ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2019ರಲ್ಲಿ ಕಂಡಿದ್ದೇವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ನೀರಿಗೆ ಕೈ ಬಿಡಬಾರದು. ಮಗ ಲೈಫ್ ಜಾಕೆಟ್ಟುಗಳನ್ನು ಮೊದಲೇ ತರಿಸಿದ್ದ. ನನಗೂ ಒಂದು ತೊಡಿಸಿದ.

ಮೊಮ್ಮಗಳು ನಡುವೆ ಕಾಲಿಟ್ಟು ಹತ್ತಿ, ಕೂತು, ಅಂಬಿಗನನ್ನು ಮೊದಲು ಕೇಳಿದ್ದು, "ಇದಕ್ಕೆ ಡಾಂಬರು ಯಾವಾಗ ಬಳಿದಿರಿ?" ಎಂದು. ಆ ಹುಡುಗ ಹುಟ್ಟನ್ನು ತೊಡೆಯ ಮೇಲಿಟ್ಟು ನನ್ನ ಮುಖ ನೋಡಿದ. "ದಸರಾದಾಗ ಹಚ್ಚೀನಿ ಅವ್ವಾ. ಮುಟ್ಟಿ ನೋಡು." ಅವಳು ಅಂಚಿನ ಹೊರಗಡೆ ಬೆರಳಿಟ್ಟಳು. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರು ಬೆರಳಿಗೆ ಹತ್ತಿತು. ಸೊಸೆ ಚೀಲದಲ್ಲಿ ಸೋಪು ಹುಡುಕತೊಡಗಿದಳು.

"ಸೋಪಿಗೆ ಹೋಗಂಗಿಲ್ಲ" ಎಂದಳು ನಮ್ಮಾಕೆ, "ಮನೀಗೆ ಹೋಗಿ ಶೇಂಗಾ ಎಣ್ಣಿ ಹಚ್ಚಿ ತಿಕ್ಕಬೇಕು. ಇವರಪ್ಪನ ಕೈಗೂ ನಾನು ಅದನ್ನ ಹಚ್ಚಿದ್ದು."