ಬಿಳಲುಗಳ ನಡುವೆ ಒಂದು ಸುತ್ತು

ಅಮ್ಮ ಹೋದ ಮೇಲೆ ಅಪ್ಪನನ್ನು ತೀರ್ಥಹಳ್ಳಿಯಿಂದ ಚೆನ್ನೈಗೆ ಕರೆತಂದೆ. ಊರಿನ ಮನೆ ಮಾರುವ ಮಾತು ಎತ್ತಲು ಧೈರ್ಯ ಸಾಲದೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವರನ್ನು ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ತೋಟಕ್ಕೆ ಕರೆದೊಯ್ದೆ. 1882ರಲ್ಲಿ ಸೊಸೈಟಿ ಇಲ್ಲಿಗೆ ಬಂದು ನೆಲೆಸಿತು. ಈಗದು ನಗರದೊಳಗಿನ ಕಾಡು. ಗೇಟಿನಿಂದ ಹೊಳೆಯ ಕಡೆಗೆ, ಅಲ್ಲಿಂದ ದೊಡ್ಡ ಆಲದ ಮರಕ್ಕೆ, ಮತ್ತೆ ಗೇಟಿಗೆ. ಅಪ್ಪನ ನಡಿಗೆಗೆ ಒಂದು ಗಂಟೆಯ ಸುತ್ತು.

ಅಡ್ಯಾರ್ ನದಿ ಇನ್ನೇನು ಕಡಲು ಸೇರುವ ಜಾಗವದು. ನೀರು ಕದಲದೆ ನಿಂತಿತ್ತು, ಕೆಸರಿನ ವಾಸನೆ ಬೇರೆ.

“ಇದಕ್ಕೂ ಹೊಳೆ ಅಂತಾರಾ?” ಅಂದರು, ತುಂಗೆಯಲ್ಲಿ ಈಜಿ ಬೆಳೆದ ಅಪ್ಪ.

ಆಲದ ಮರದ ಹತ್ತಿರ ನನ್ನ ಮಾತಿಗೆ ದಾರಿ ಸಿಕ್ಕಿತು. “ಅಪ್ಪ, 1989ರ ಬಿರುಗಾಳಿಗೆ ಇದರ ಮೂಲ ಕಾಂಡವೇ ಉರುಳಿಹೋಯ್ತಂತೆ. ಆದ್ರೂ ಬಿಳಲುಗಳ ಮೇಲೆ ಮರ ಬದುಕಿದೆ.”

ನಾನು ಎಲ್ಲಿಗೆ ಹೊರಟಿದ್ದೇನೆಂದು ಅವರಿಗೆ ಗೊತ್ತಾಯಿತು. ನೇತಾಡುತ್ತಿದ್ದ ಬಿಳಲೊಂದನ್ನು ನೋಡುತ್ತ ಹೇಳಿದರು: “ಇದು ನೆಲ ಮುಟ್ಟಿ ಬೇರು ಬಿಡೋಕೆ ಎಷ್ಟು ವರ್ಷ ಬೇಕು ಹೇಳು? ಅಷ್ಟು ಪುರುಸೊತ್ತು ನನಗಿಲ್ಲ ಮಾರಾಯ.”

ಉಳಿದ ದಾರಿ ಇಬ್ಬರೂ ಮಾತಾಡಲಿಲ್ಲ. ಗೇಟಿನ ಹತ್ತಿರ ಅಪ್ಪ ಚಪ್ಪಲಿಯ ಮಣ್ಣು ಕೊಡವಿಕೊಂಡರು.

ಸಂಜೆ, ಮನೆ ಕೊಳ್ಳಲು ಬಂದಿದ್ದವರಿಗೆ ಫೋನ್ ಮಾಡಿ, ಸದ್ಯಕ್ಕೆ ಕೊಡುವುದಿಲ್ಲ ಎಂದೆ. ಅಪ್ಪ ಒಳಗೆ ಪಂಚೆ ಮಡಿಚಿ ಚೀಲಕ್ಕಿಡುತ್ತಿದ್ದರು. ಒಬ್ಬರೇ ಹೇಗಿರುತ್ತಾರೆ ಎಂಬ ಭಯ ಹಾಗೇ ಇತ್ತು. ಊರಿಗೆ ಎರಡು ಟಿಕೆಟ್ ತೆಗೆಸಿದೆ. ವಾಪಸ್ ಬರಲು ಒಂದೇ.